ಏಳು ಸಾವಿರದ ಎಂಟುನೂರರ ಪಟ್ಟಿ: ಬುಡಾಪೆಸ್ಟ್‌ನ ತಟಸ್ಥ ರಾಜತಾಂತ್ರಿಕರು, 1944–45

1944ರ ಮಾರ್ಚ್ 19ರಂದು ಜರ್ಮನ್ ಸೇನೆ ತನ್ನದೇ ಮಿತ್ರರಾಷ್ಟ್ರವಾದ ಹಂಗೇರಿಯನ್ನು ಆಕ್ರಮಿಸಿತು. ಆಗ ಬುಡಾಪೆಸ್ಟ್‌ನ ಸ್ವಾತಂತ್ರ್ಯ ಚೌಕದಲ್ಲಿದ್ದ ಅಮೆರಿಕದ ಹಳೆಯ ರಾಯಭಾರ ಕಚೇರಿಯಲ್ಲಿ ಸ್ವಿಟ್ಜರ್ಲೆಂಡಿನ ಉಪ ಕಾನ್ಸುಲ್ ಕಾರ್ಲ್ ಲುಟ್ಸ್ ಕೆಲಸ ಮಾಡುತ್ತಿದ್ದರು. ಅವರು ರಾಯಭಾರಿಯಾಗಿರಲಿಲ್ಲ, ಅವರ ಮೇಲೆ ಸ್ವಿಸ್ ರಾಯಭಾರಿಯೊಬ್ಬರು ಬೇರೆಯೇ ಇದ್ದರು. ಲುಟ್ಸ್ ನೋಡಿಕೊಳ್ಳುತ್ತಿದ್ದದ್ದು 'ವಿದೇಶಿ ಹಿತಾಸಕ್ತಿಗಳ ವಿಭಾಗ'ವನ್ನು. ಹಂಗೇರಿಯೊಂದಿಗೆ ಯುದ್ಧದಲ್ಲಿದ್ದ ಬ್ರಿಟನ್, ಅಮೆರಿಕ ಮೊದಲಾದ ಹನ್ನೆರಡಕ್ಕೂ ಹೆಚ್ಚು ದೇಶಗಳ ಪ್ರಜೆಗಳು, ಕಟ್ಟಡಗಳು ಮತ್ತು ಕಾಗದಪತ್ರಗಳ ಯೋಗಕ್ಷೇಮ ಆ ವಿಭಾಗಕ್ಕೆ ಸೇರಿತ್ತು. ಮುಂದಿನ ಹತ್ತು ತಿಂಗಳುಗಳಲ್ಲಿ ಆ ನಗರದಲ್ಲಿ ಹತ್ತಾರು ಸಾವಿರ ಜನರ ಪ್ರಾಣ ಉಳಿಯುವುದಕ್ಕೆ ಕಾರಣವಾದ ವ್ಯವಸ್ಥೆಯ ಬಹುಭಾಗ ಬೆಳೆದದ್ದು ಈ ಸಾಧಾರಣ ಕಚೇರಿಯ ನಿತ್ಯದ ಕೆಲಸದಿಂದಲೇ.

ಬುಡಾಪೆಸ್ಟ್‌ನ ಈ ಪ್ರಕರಣವನ್ನು ಸಾಮಾನ್ಯವಾಗಿ ಒಬ್ಬಿಬ್ಬರು ವೀರರ ಕಥೆಯಾಗಿ ಹೇಳಲಾಗುತ್ತದೆ, ಅದರಲ್ಲೂ ಸ್ವೀಡನ್ನಿನ ರೌಲ್ ವಾಲೆನ್‌ಬರ್ಗ್ ಅವರ ಕಥೆಯಾಗಿ. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಸಶಸ್ತ್ರ ಸಂಘರ್ಷದ ನಡುವೆ ರಾಜತಾಂತ್ರಿಕರು ನಾಗರಿಕರನ್ನು ರಕ್ಷಿಸಬಲ್ಲರೇ, ಬಲ್ಲರಾದರೆ ಯಾವ ಸಾಧನದಿಂದ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಧೈರ್ಯಕ್ಕಿಂತ ಮೊದಲು ಕಾಗದವನ್ನು ನೋಡಬೇಕಾಗುತ್ತದೆ. ಆ ಕಾಗದದ ಹಿಂದೆ ಯಾವ ಕಾನೂನಿತ್ತು, ಇಲ್ಲದ ಕಾನೂನನ್ನು ಇದ್ದಂತೆ ಹೇಗೆ ತೋರಿಸಲಾಯಿತು, ಎದುರಾಳಿ ಅದನ್ನು ಏಕೆ ಒಪ್ಪಿಕೊಂಡ ಎಂಬುದೇ ಈ ಪ್ರಕರಣದ ತಿರುಳು.

ಕಚೇರಿ ಮತ್ತು ಅದರ ಅಧಿಕಾರ

ಎರಡು ದೇಶಗಳು ಯುದ್ಧಕ್ಕಿಳಿದು ರಾಯಭಾರಿಗಳನ್ನು ಹಿಂದಕ್ಕೆ ಕರೆಸಿಕೊಂಡಾಗ, ಶತ್ರುದೇಶದಲ್ಲಿ ಉಳಿದುಹೋದ ತಮ್ಮ ಜನರ ಹೊಣೆಯನ್ನು ಅವು ಮೂರನೆಯ ತಟಸ್ಥ ದೇಶವೊಂದಕ್ಕೆ ಒಪ್ಪಿಸುವ ಪದ್ಧತಿ ಹಳೆಯದು. 1870–71ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕದ ರಾಯಭಾರಿ ಎಲಿಹು ವಾಶ್‌ಬರ್ನ್ ಅಲ್ಲಿ ಸಿಕ್ಕಿಕೊಂಡಿದ್ದ ಜರ್ಮನರನ್ನು ನೋಡಿಕೊಂಡದ್ದು ಇದೇ ರೀತಿಯಲ್ಲಿ. ನಮ್ಮ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, 1971ರ ಯುದ್ಧದಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವಿನ ರಾಜತಾಂತ್ರಿಕ ಸಂಬಂಧ ಕಡಿದುಹೋದ ಮೇಲೆ 1976ರವರೆಗೆ ಎರಡೂ ದೇಶಗಳ ಹಿತಾಸಕ್ತಿಗಳನ್ನು ಪರಸ್ಪರರ ರಾಜಧಾನಿಗಳಲ್ಲಿ ಪ್ರತಿನಿಧಿಸಿದ್ದು ಸ್ವಿಟ್ಜರ್ಲೆಂಡ್. ಇಂಥ ಹೊಣೆ ಹೊರುವ ದೇಶವನ್ನು ಹಿತರಕ್ಷಕ ರಾಷ್ಟ್ರ ಎಂದು ಕರೆಯಬಹುದು.

ಆದರೆ ಹಿತರಕ್ಷಕ ರಾಷ್ಟ್ರದ ಅಧಿಕಾರಕ್ಕೆ ಒಂದು ಗಟ್ಟಿಯಾದ ಎಲ್ಲೆಯಿತ್ತು. ಅದು ಪರದೇಶದ ಪ್ರಜೆಗಳನ್ನು ಕಾಯಬಹುದಿತ್ತೇ ಹೊರತು, ಆತಿಥೇಯ ದೇಶವು ತನ್ನದೇ ಪ್ರಜೆಗಳಿಗೆ ಏನು ಮಾಡುತ್ತದೆ ಎಂಬುದನ್ನು ಪ್ರಶ್ನಿಸುವ ಹಕ್ಕು ಅದಕ್ಕಿರಲಿಲ್ಲ. 1929ರ ಜಿನೀವಾ ಒಪ್ಪಂದಗಳು ಗಾಯಾಳು ಸೈನಿಕರಿಗೆ ಮತ್ತು ಯುದ್ಧಕೈದಿಗಳಿಗೆ ಸೀಮಿತವಾಗಿದ್ದವು. ನಾಗರಿಕರ ರಕ್ಷಣೆಗಾಗಿ 1934ರಲ್ಲಿ ಟೋಕಿಯೊದಲ್ಲಿ ಸಿದ್ಧವಾದ ಕರಡು ಒಪ್ಪಂದವಾಗುವ ಮೊದಲೇ ಯುದ್ಧ ಆರಂಭವಾಗಿತ್ತು. ಆ ಕರಡು ಕೂಡ ಮುಖ್ಯವಾಗಿ ಶತ್ರುದೇಶದ ನಾಗರಿಕರನ್ನು ಕುರಿತದ್ದಾಗಿತ್ತು. ಹಂಗೇರಿಯ ಸುಮಾರು ಏಳೂವರೆ ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನ ಹಂಗೇರಿಯ ಪ್ರಜೆಗಳೇ ಆಗಿದ್ದುದರಿಂದ, ಅವರನ್ನು ಅವರದೇ ಸರ್ಕಾರ ಹಿಡಿದು ಜರ್ಮನರ ಕೈಗೆ ಕೊಟ್ಟರೆ ಹೊರಗಿನ ಯಾರಿಗೂ ಕಾನೂನಿನ ಪ್ರಕಾರ ಬಾಯಿ ತೆರೆಯಲು ಅವಕಾಶವಿರಲಿಲ್ಲ.

ಕೊಟ್ಟೂಬಿಟ್ಟಿತು. ಮೇ 15ರಿಂದ ಜುಲೈ 9ರವರೆಗಿನ ಎಂಟು ವಾರಗಳಲ್ಲಿ ಸುಮಾರು 4,37,000 ಯಹೂದಿಗಳನ್ನು ಹಂಗೇರಿಯ ಪ್ರಾಂತ್ಯಗಳಿಂದ ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಬಹುತೇಕ ರೈಲುಗಳು ಹೋದದ್ದು ನಾಜಿಗಳ ಹತ್ಯಾ ಶಿಬಿರವಾದ ಆಶ್‌ವಿಟ್ಸ್‌ಗೆ. ಸಾಗಾಟದ ಹೊಣೆ ಹೊತ್ತಿದ್ದ ಜರ್ಮನ್ ಅಧಿಕಾರಿ ಅಡಾಲ್ಫ್ ಐಖ್‌ಮನ್‌ನ ತಂಡ ಚಿಕ್ಕದಾಗಿತ್ತು. ಊರೂರಿನಲ್ಲಿ ಜನರನ್ನು ಒಟ್ಟುಗೂಡಿಸಿ ರೈಲು ಹತ್ತಿಸಿದ್ದು ಹಂಗೇರಿಯ ಜೆಂಡಾರ್ಮ್ ಪಡೆ (ಗ್ರಾಮಾಂತರ ಪೊಲೀಸರು) ಮತ್ತು ಹಂಗೇರಿಯ ಅಧಿಕಾರಿಗಳು. ಈ ಎಂಟು ವಾರಗಳಲ್ಲಿ ಬುಡಾಪೆಸ್ಟ್‌ನ ತಟಸ್ಥ ರಾಯಭಾರ ಕಚೇರಿಗಳಿಂದ ಪ್ರಾಂತ್ಯಗಳ ಜನರಿಗೆ ಹೆಚ್ಚುಕಡಿಮೆ ಏನೂ ದೊರಕಲಿಲ್ಲ. ಮುಂದಿನದನ್ನೆಲ್ಲ ಓದುವಾಗ ಈ ವಾಕ್ಯವನ್ನು ಮರೆಯಬಾರದು.

ಸಾಗಾಟ ನಿಂತದ್ದು ಹೊರಗಿನ ಒತ್ತಡದಿಂದ. ಏಪ್ರಿಲ್‌ನಲ್ಲಿ ಆಶ್‌ವಿಟ್ಸ್‌ನಿಂದ ತಪ್ಪಿಸಿಕೊಂಡು ಬಂದಿದ್ದ ರುಡಾಲ್ಫ್ ವ್ರ್ಬಾ ಮತ್ತು ಆಲ್ಫ್ರೆಡ್ ವೆಟ್ಜ್ಲರ್ ಎಂಬ ಇಬ್ಬರು ಕೈದಿಗಳ ವರದಿ ಜಿನೀವಾದಲ್ಲಿ ಎಲ್ ಸಾಲ್ವಡೋರ್ ದೇಶದ ಕಾನ್ಸುಲೇಟಿನಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಮಾಂಟೆಲ್ಲೊ ಅವರ ಕೈಸೇರಿತು. ಅವರು ಅದನ್ನು ಸ್ವಿಸ್ ಪತ್ರಿಕೆಗಳಿಗೆ ತಲುಪಿಸಿದರು. ಜೂನ್ ತಿಂಗಳ ಕೊನೆಯ ವಾರದಲ್ಲಿ ಪೋಪ್, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಸ್ವೀಡನ್ನಿನ ದೊರೆ ಐದನೆಯ ಗುಸ್ತಾವ್ ಒಬ್ಬರ ಹಿಂದೆ ಒಬ್ಬರಂತೆ ಹಂಗೇರಿಯ ರೀಜೆಂಟ್, ಅಂದರೆ ದೊರೆಯ ಸ್ಥಾನದಲ್ಲಿ ದೇಶದ ಮುಖ್ಯಸ್ಥನಾಗಿದ್ದ, ಮಿಕ್ಲೋಶ್ ಹೋರ್ಟಿಗೆ ಸಂದೇಶ ಕಳುಹಿಸಿದರು. ಜುಲೈ ಮೊದಲ ವಾರದಲ್ಲಿ ಹೋರ್ಟಿ ಸಾಗಾಟವನ್ನು ನಿಲ್ಲಿಸಲು ಆದೇಶಿಸಿದಾಗ ದೇಶದಲ್ಲಿ ದೊಡ್ಡ ಸಂಖ್ಯೆಯಲ್ಲಿ ಉಳಿದಿದ್ದವರೆಂದರೆ ರಾಜಧಾನಿಯ ಸುಮಾರು ಎರಡು ಲಕ್ಷ ಯಹೂದಿಗಳು ಮಾತ್ರ. ಅವರನ್ನೂ ಆಗಲೇ ಹಳದಿ ನಕ್ಷತ್ರದ ಗುರುತು ಹಾಕಿದ ಮನೆಗಳಿಗೆ ಒಕ್ಕಲೆಬ್ಬಿಸಿ ತುಂಬಿದ್ದಾಗಿತ್ತು.

ಎಂಟು ಸಾವಿರ ಎಂದರೆ ಎಷ್ಟು

ಸ್ವಂತ ದೇಶದ ಪ್ರಜೆಯನ್ನು ಹೊರಗಿನವರು ಕಾಯಲಾಗದು ಎಂಬುದು ನಿಯಮವಾಗಿದ್ದರೆ, ಉಳಿದ ದಾರಿ ಒಂದೇ: ಆ ಪ್ರಜೆಯನ್ನು ಕಾಗದದ ಮೇಲೆ ಪರದೇಶದವನನ್ನಾಗಿ ಮಾಡುವುದು. ಬುಡಾಪೆಸ್ಟ್‌ನ ಪ್ರತಿಯೊಂದು ರಾಯಭಾರ ಕಚೇರಿಯೂ ಇದೇ ದಾರಿಯನ್ನು ತನ್ನದೇ ನೆಪದಲ್ಲಿ ಹಿಡಿಯಿತು.

ಲುಟ್ಸ್ ಅವರಿಗೆ ಸಿಕ್ಕ ನೆಪ ಪ್ಯಾಲೆಸ್ಟೈನ್. ಅದು ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಹಂಗೇರಿಯಲ್ಲಿ ಬ್ರಿಟನ್ನಿನ ಹಿತರಕ್ಷಕ ಸ್ವಿಟ್ಜರ್ಲೆಂಡ್. ಆದ್ದರಿಂದ ಪ್ಯಾಲೆಸ್ಟೈನಿಗೆ ವಲಸೆ ಹೋಗಲು ಪ್ರಮಾಣಪತ್ರ ಪಡೆದವರು ಹೊರಡುವ ದಿನದವರೆಗೂ ತನ್ನ ವಿಭಾಗದ ಆಶ್ರಯದಲ್ಲಿದ್ದಾರೆ ಎಂಬುದು ಅವರ ವಾದ. ಬುಡಾಪೆಸ್ಟ್‌ನಲ್ಲಿ ಪ್ಯಾಲೆಸ್ಟೈನ್ ಕಚೇರಿಯನ್ನು ನಡೆಸುತ್ತಿದ್ದ ಮೊಶೆ ಕ್ರೌಸ್ ಈ ಕೆಲಸದಲ್ಲಿ ಅವರಿಗೆ ಮೊದಲಿನಿಂದಲೂ ಜೊತೆಯಾಗಿದ್ದರು. ಹಂಗೇರಿ ಸರ್ಕಾರದೊಂದಿಗೂ, ಜರ್ಮನಿಯ ಪ್ರತಿನಿಧಿ ಎಡ್ಮಂಡ್ ಫೇಸೆನ್‌ಮಾಯರ್ ಜೊತೆಗೂ ನಡೆದ ಮಾತುಕತೆಯ ಫಲವಾಗಿ ಸುಮಾರು ಎಂಟು ಸಾವಿರ ಮಂದಿಯ ವಲಸೆಗೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಲುಟ್ಸ್ ಹಿಂದೆ ಜಾಫಾದಲ್ಲಿ ಕೆಲಸ ಮಾಡುತ್ತಿದ್ದಾಗ, 1939ರಲ್ಲಿ ಯುದ್ಧ ಆರಂಭವಾದ ಕೂಡಲೇ ಅಲ್ಲಿನ ಜರ್ಮನ್ ವಸಾಹತುಗಾರರ ಹಿತವನ್ನು ನೋಡಿಕೊಂಡಿದ್ದರು. ಬರ್ಲಿನ್ನಿನಲ್ಲಿ ಅವರ ಹೆಸರಿಗೆ ಆ ಕಾರಣಕ್ಕಾಗಿ ಒಂದಿಷ್ಟು ಬೆಲೆಯಿತ್ತು. ಪರರ ಪ್ರಜೆಗಳಿಗೆ ಒಮ್ಮೆ ನಿಷ್ಪಕ್ಷಪಾತವಾಗಿ ಮಾಡಿದ ಸೇವೆಯು ಐದು ವರ್ಷಗಳ ನಂತರ ಬೇರೆಯೇ ಜನರ ನೆರವಿಗೆ ಬಂತು.

ಇನ್ನು ಸಂಖ್ಯೆಯ ವಿಚಾರ. ಹಂಗೇರಿಯೂ ಜರ್ಮನಿಯೂ ಒಪ್ಪಿದ್ದು ಅಷ್ಟು 'ವ್ಯಕ್ತಿ'ಗಳಿಗೆ ಎಂದುಕೊಂಡು. ಲುಟ್ಸ್ ಅದನ್ನು ಅಷ್ಟು 'ಕುಟುಂಬ'ಗಳು ಎಂದು ಓದಿದರು. ಅಷ್ಟಕ್ಕೇ ನಿಲ್ಲದೆ, ರಕ್ಷಣಾ ಪತ್ರಗಳ ಕ್ರಮಸಂಖ್ಯೆಯನ್ನು ಒಂದರಿಂದ ಎಂಟು ಸಾವಿರದವರೆಗೆ ಹಾಕಿ, ಮತ್ತೆ ಒಂದರಿಂದಲೇ ಆರಂಭಿಸಿದರು. ಯಾವ ಪತ್ರವನ್ನು ತಡೆದು ನೋಡಿದರೂ ಅದರ ಮೇಲಿನ ಸಂಖ್ಯೆ ಒಪ್ಪಿದ ಮಿತಿಯೊಳಗೇ ಇರುತ್ತಿತ್ತು. ವಲಸಿಗರ ಹೆಸರು ಮತ್ತು ಭಾವಚಿತ್ರಗಳಿದ್ದ ಸಾಮೂಹಿಕ ಪಾಸ್‌ಪೋರ್ಟುಗಳು ಬೇರೆಯಾಗಿದ್ದವು. ಕೈಗೆ ಕೊಡುತ್ತಿದ್ದ ರಕ್ಷಣಾ ಪತ್ರವು, 'ಈ ವ್ಯಕ್ತಿಯ ಹೆಸರು ಸಾಮೂಹಿಕ ಪಾಸ್‌ಪೋರ್ಟಿನಲ್ಲಿದೆ, ಆದ್ದರಿಂದ ಇವರನ್ನು ಊರ್ಜಿತ ಪಾಸ್‌ಪೋರ್ಟ್ ಹೊಂದಿದವರೆಂದು ಭಾವಿಸಬೇಕು' ಎಂಬ ಅರ್ಥದ ಒಂದು ಪುಟದ ದೃಢೀಕರಣ ಮಾತ್ರ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಂಥದ್ದೊಂದು ದಾಖಲೆಗೆ ಹೆಸರೇ ಇರಲಿಲ್ಲ. ಆ ಪಾಸ್‌ಪೋರ್ಟುಗಳ ಮೇಲೆ ಪ್ಯಾಲೆಸ್ಟೈನಿಗೆ ಒಂದು ಗುಂಪೂ ಹೊರಡಲಿಲ್ಲ. ಬಾರದ ಪ್ರಯಾಣದ ಸಿದ್ಧತೆಯೇ ಜನರನ್ನು ಕಾಯಿತು.

ಜುಲೈ 24ರಂದು ವದಾಸ್ ಬೀದಿಯ 29ನೆಯ ಸಂಖ್ಯೆಯ ಕಟ್ಟಡದಲ್ಲಿ ಈ 'ವಲಸೆ ವಿಭಾಗ' ಬಾಗಿಲು ತೆರೆಯಿತು. ಅದು ಆರ್ಥರ್ ವೈಸ್ ಎಂಬ ಗಾಜಿನ ವ್ಯಾಪಾರಿಯ ಮಳಿಗೆ. ಗೋಡೆಗಳಿಗೂ ಗಾಜಿನ ಮಾದರಿಗಳನ್ನು ಹೊಂದಿಸಿದ್ದರಿಂದ ಅದನ್ನು ಗಾಜಿನ ಮನೆ ಎಂದೇ ಕರೆಯುತ್ತಿದ್ದರು. ಮೊದಲಿಗೆ ಅರ್ಜಿ ತುಂಬುವ ಗುಮಾಸ್ತರಿದ್ದ ಆ ಕಟ್ಟಡದಲ್ಲಿ ಮತ್ತು ಅದರ ಮಗ್ಗುಲಿನ ಕಟ್ಟಡದಲ್ಲಿ, ಚಳಿಗಾಲದ ಹೊತ್ತಿಗೆ ಸುಮಾರು ಮೂರು ಸಾವಿರ ಜನ ನೆಲಮಾಳಿಗೆಯಿಂದ ಅಟ್ಟದವರೆಗೆ ತುಂಬಿಕೊಂಡಿದ್ದರು. ಅಲ್ಲಿಯೇ ಯಹೂದಿ ಯುವ ಸಂಘಟನೆಗಳ ತರುಣ ತರುಣಿಯರು ಲುಟ್ಸ್ ಅವರ ಪತ್ರವನ್ನು ಹೋಲುವ ನಕಲು ಪತ್ರಗಳನ್ನು ಸಾವಿರಗಟ್ಟಲೆ ತಯಾರಿಸಿ, ಮಾರುವೇಷದಲ್ಲಿ ನಗರದ ಮೂಲೆಮೂಲೆಗೆ ಹಂಚಿದರು. ಈ ಪ್ರಕರಣದಲ್ಲಿ ರಾಜತಾಂತ್ರಿಕರು ಕೊಟ್ಟದ್ದು ಮುದ್ರೆ, ವಿಳಾಸ ಮತ್ತು ಬಾಗಿಲ ಮೇಲಿನ ಫಲಕ. ಪತ್ರವನ್ನು ಸಾಯಲಿರುವವನ ಕೈವರೆಗೆ ಒಯ್ದದ್ದು ಹೆಚ್ಚಾಗಿ ಯಾವ ರಕ್ಷಣೆಯೂ ಇಲ್ಲದ ಈ ಯುವಕರು. ಗೌರವದ ಪಟ್ಟಿಗಳಲ್ಲಿ ಇವರ ಹೆಸರುಗಳು ಎಷ್ಟೋ ಕಾಲ ಸೇರಲಿಲ್ಲ ಎಂಬುದು ನನಗೆ ನೋವಿನ ಸಂಗತಿಯಾಗಿಯೇ ಉಳಿದಿದೆ.

ಉಳಿದ ಕಚೇರಿಗಳ ದಾರಿಯನ್ನು ಚುಟುಕಾಗಿ ಹೇಳಬಹುದು. ರಾಯಭಾರಿ ಕಾರ್ಲ್ ಇವಾನ್ ಡೇನಿಯಲ್‌ಸನ್ ಅವರ ಸ್ವೀಡಿಷ್ ಕಚೇರಿಯಲ್ಲಿ ಪೆರ್ ಆಂಗರ್ ಆಗಲೇ ಸ್ವೀಡನ್ನಿನಲ್ಲಿ ನೆಂಟರೋ ವ್ಯಾಪಾರ ಸಂಬಂಧವೋ ಇದ್ದವರಿಗೆ ತಾತ್ಕಾಲಿಕ ಪಾಸ್‌ಪೋರ್ಟ್ ಕೊಡುತ್ತಿದ್ದರು. ಅಮೆರಿಕದ ಯುದ್ಧ ನಿರಾಶ್ರಿತರ ಮಂಡಳಿಯ ಬೆಂಬಲದೊಂದಿಗೆ ಜುಲೈ 9ರಂದು ಬಂದ ವಾಲೆನ್‌ಬರ್ಗ್, ನೀಲಿ ಮತ್ತು ಹಳದಿ ಬಣ್ಣದಲ್ಲಿ ಮೂರು ಕಿರೀಟಗಳ ಲಾಂಛನವಿದ್ದ ಹೊಸ ರಕ್ಷಣಾ ಪಾಸ್ ರೂಪಿಸಿದರು. ಕಾನೂನಿನ ಬಲವಿಲ್ಲದ ಕಾಗದಕ್ಕೆ ನೋಟದ ಬಲವನ್ನಾದರೂ ಕೊಡಬೇಕೆಂಬುದನ್ನು ವಾಸ್ತುಶಿಲ್ಪ ಕಲಿತಿದ್ದ ಆ ಮನುಷ್ಯ ಚೆನ್ನಾಗಿ ಅರಿತಿದ್ದರು. ಸ್ಪೇನಿನ ಆಂಹೆಲ್ ಸಾನ್ಸ್ ಬ್ರಿಸ್, ಸೆಫಾರ್ಡಿ (ಸ್ಪೇನ್ ಮೂಲದ) ಯಹೂದಿಗಳಿಗೆ ಪೌರತ್ವ ನೀಡಬಹುದೆಂದು 1924ರಲ್ಲಿ ಹೊರಟಿದ್ದ ರಾಜಾಜ್ಞೆಯೊಂದನ್ನು ಹಿಡಿದುಕೊಂಡರು. ಬುಡಾಪೆಸ್ಟ್‌ನಲ್ಲಿ ಸೆಫಾರ್ಡಿಗಳು ಇಲ್ಲವೆನ್ನುವಷ್ಟು ಕಡಿಮೆ. ಇನ್ನೂರು ಜನರಿಗೆ ಸಿಕ್ಕ ಅನುಮತಿಯನ್ನು ಅವರೂ ಇನ್ನೂರು ಕುಟುಂಬಗಳೆಂದು ಓದಿದರು. ಜಿನೀವಾದಿಂದ ಎಲ್ ಸಾಲ್ವಡೋರಿನ ಕಾನ್ಸುಲ್ ಜನರಲ್ ಹೊಸೆ ಆರ್ಟುರೊ ಕಾಸ್ಟೆಯಾನೋಸ್ ಮತ್ತು ಮಾಂಟೆಲ್ಲೊ ಪೌರತ್ವ ಪತ್ರಗಳನ್ನೇ ನೇರವಾಗಿ ಕಳುಹಿಸಿದರು. ಪೋಪ್ ಪ್ರತಿನಿಧಿ ಆಂಜೆಲೊ ರೋಟ್ಟಾ ಮತ್ತು ಪೋರ್ಚುಗಲ್ಲಿನ ಕಚೇರಿ ತಂತಮ್ಮ ಪತ್ರಗಳನ್ನು ಹೊರಡಿಸಿದವು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಫ್ರೀಡ್ರಿಖ್ ಬೋರ್ನ್ ಮಕ್ಕಳ ಆಶ್ರಯಧಾಮಗಳ ಮೇಲೆ ರೆಡ್ ಕ್ರಾಸ್ ಫಲಕ ಹಾಕಿಸಿದರು.

ಮಾನ್ಯತೆಯ ಹಸಿವು

ಅಕ್ಟೋಬರ್ 15ರಂದು ಹೋರ್ಟಿ ಸೋವಿಯತ್ ಒಕ್ಕೂಟದೊಂದಿಗೆ ಕದನವಿರಾಮ ಘೋಷಿಸಿದರು. ಅದೇ ದಿನ ಜರ್ಮನರು ಅವರನ್ನು ಉರುಳಿಸಿ, ಹಂಗೇರಿಯ ನಾಜಿಪರ ಬಾಣಶಿಲುಬೆ ಪಕ್ಷದ ನಾಯಕ ಫೆರೆನ್ಸ್ ಸಾಲಶಿಯನ್ನು ಅಧಿಕಾರಕ್ಕೆ ತಂದರು. ಮೂರು ದಿನಗಳಲ್ಲಿ ಹೊಸ ಗೃಹಸಚಿವ ಗಾಬೊರ್ ವಾಯ್ನಾ, ಯಾವ ದೇಶದ ರಕ್ಷಣಾ ಪತ್ರವನ್ನೂ ತಾನು ಮಾನ್ಯ ಮಾಡುವುದಿಲ್ಲ ಎಂದು ಸಾರಿದ. ಕಾನೂನಿನ ದೃಷ್ಟಿಯಿಂದ ನೋಡಿದರೆ ಅವನ ಮಾತು ತಪ್ಪಾಗಿರಲಿಲ್ಲ, ಪತ್ರಗಳಿಗೆ ಆಧಾರವಿರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿದು ಪತ್ರಗಳನ್ನು ಮಾನ್ಯ ಮಾಡಿತು.

ಏಕೆ? ಸಾಲಶಿಯ ಸರ್ಕಾರಕ್ಕೆ ಸೇನೆಯಿತ್ತು, ಪೊಲೀಸರಿದ್ದರು, ಜರ್ಮನರ ಬೆಂಬಲವಿತ್ತು. ಇಲ್ಲದಿದ್ದದ್ದು ತಟಸ್ಥ ದೇಶಗಳ ಮಾನ್ಯತೆ. ಬಂದೂಕಿನ ಬಲದಿಂದ ಗದ್ದುಗೆಗೆ ಬಂದವರಿಗೆ ಅದರ ಹಸಿವು ವಿಪರೀತವಾಗಿರುತ್ತದೆ. ವಿದೇಶಾಂಗ ಸಚಿವ ಗಾಬೊರ್ ಕೆಮೇನಿ ಸ್ವೀಡನ್, ಸ್ವಿಟ್ಜರ್ಲೆಂಡ್ ಮತ್ತು ಸ್ಪೇನ್‌ಗಳು ತಮ್ಮ ಸರ್ಕಾರವನ್ನು ಅಧಿಕೃತವಾಗಿ ಒಪ್ಪಿಕೊಳ್ಳಬೇಕೆಂದು ಹಂಬಲಿಸಿದ. ಆ ದೇಶಗಳ ರಾಜತಾಂತ್ರಿಕರು ಕೊಡಲಾಗದ ಆ ಮಾನ್ಯತೆಯನ್ನು 'ಕೊಡುವುದಿಲ್ಲ' ಎಂದು ಬಾಯಿಬಿಟ್ಟು ಹೇಳದೆ, ಪತ್ರಧಾರಿಗಳ ಸುರಕ್ಷತೆಯನ್ನು ಮಾನ್ಯತೆಯ ಮಾತುಕತೆಗೆ ಗಂಟುಹಾಕಿ ವಾರದಿಂದ ವಾರಕ್ಕೆ ಕಾಲ ತಳ್ಳಿದರು. ಸಾಲಶಿಯ ಸರ್ಕಾರ ಕೊನೆಗೆ ಒಪ್ಪಿದ ಕೋಟಾ ಹೀಗಿತ್ತು: ಸ್ವಿಟ್ಜರ್ಲೆಂಡಿಗೆ 7,800, ಸ್ವೀಡನ್ನಿಗೆ 4,500, ವ್ಯಾಟಿಕನ್ನಿಗೆ 2,500, ಪೋರ್ಚುಗಲ್ಲಿಗೆ ಸುಮಾರು 700, ಸ್ಪೇನಿಗೆ 100. ಇವರೆಲ್ಲರೂ ಡ್ಯಾನ್ಯೂಬ್ ದಡದ ಸೇಂಟ್ ಸ್ಟೀಫನ್ ಉದ್ಯಾನದ ಆಸುಪಾಸಿನಲ್ಲಿ ಗೊತ್ತುಮಾಡಿದ ಮನೆಗಳಿಗೆ ಹೋಗಬೇಕಾಯಿತು. ಅದಕ್ಕೆ 'ಅಂತರರಾಷ್ಟ್ರೀಯ ಗೆಟ್ಟೊ' ಎಂಬ ಹೆಸರು ಬಂತು (ಗೆಟ್ಟೊ ಎಂದರೆ ಯಹೂದಿಗಳನ್ನು ಬೇರ್ಪಡಿಸಿ ಇರಿಸುವ ಕೇರಿ). ಸ್ವಿಸ್ ಫಲಕ ಹೊತ್ತ ಮನೆಗಳೇ ಎಪ್ಪತ್ತಾರು. ಅಧಿಕೃತವಾಗಿ ಹದಿನೈದು ಸಾವಿರದ ಚಿಲ್ಲರೆ ಜನರಿಗೆಂದು ಕೊಟ್ಟ ಜಾಗಕ್ಕೆ ಅದರ ಎಷ್ಟೋ ಪಟ್ಟು ಜನ ನುಗ್ಗಿದರು. ಮೆಟ್ಟಿಲುಗಳ ಮೇಲೆ ಕೂಡ ಸರದಿಯಲ್ಲಿ ಮಲಗುವ ಸ್ಥಿತಿಯಿತ್ತು.

ಈ ಕಾಲ ತಳ್ಳುವ ತಂತ್ರ ನೈತಿಕವಾಗಿ ಶುದ್ಧವಾದದ್ದಲ್ಲ ಎಂದು ಆಗಲೂ ಕೆಲವರಿಗೆ ಅನ್ನಿಸಿರಬೇಕು. ಕೊಲೆಗಡುಕ ಸರ್ಕಾರದ ಸಚಿವನೊಂದಿಗೆ ಕುಳಿತು ಮಾತನಾಡುವುದೆಂದರೆ ಅವನಿಗೆ ಗೌರವ ಕೊಟ್ಟಂತೆ. ಎದ್ದು ಹೋಗಿ ರಾಯಭಾರ ಕಚೇರಿಯನ್ನು ಮುಚ್ಚುವುದೇ ಘನತೆಯ ದಾರಿ ಎಂಬ ವಾದಕ್ಕೆ ತೂಕವಿದೆ. ಆದರೆ ಕಚೇರಿ ಮುಚ್ಚಿದ ಮರುದಿನ ಬಾಗಿಲ ಮೇಲಿನ ಫಲಕಕ್ಕೆ ಬೆಲೆಯಿರುವುದಿಲ್ಲ. ನವೆಂಬರ್ ಕೊನೆಯಲ್ಲಿ ಸಾನ್ಸ್ ಬ್ರಿಸ್ ಸರ್ಕಾರದ ಆದೇಶದಂತೆ ಬುಡಾಪೆಸ್ಟ್ ಬಿಟ್ಟಾಗ ಇದು ಕಣ್ಣಿಗೆ ಕಾಣುವಂತಾಯಿತು. ಸ್ಪೇನ್ ಹೊರಟುಹೋಯಿತೆಂದು ತಿಳಿದ ಪೊಲೀಸರು ಸ್ಪೇನಿನ ಮನೆಗಳನ್ನು ತೆರವು ಮಾಡಲು ಬಂದರು. ಆಗ ಜಾರ್ಜೊ ಪೆರ್ಲಾಸ್ಕಾ ಎಂಬ ಇಟಲಿಯ ವ್ಯಾಪಾರಿ ಮುಂದೆ ನಿಂತು, ರಾಯಭಾರಿ ಮ್ಯಾಡ್ರಿಡ್ ಜೊತೆ ಸುಲಭವಾಗಿ ಸಂಪರ್ಕಿಸಲೆಂದು ಬರ್ನ್‌ಗೆ ಹೋಗಿದ್ದಾರಷ್ಟೆ, ಅವರು ಬರುವವರೆಗೆ ತಾನೇ ಪ್ರತಿನಿಧಿ ಎಂದು ಹೇಳಿದರು. ಅವರಿಗೆ ಯಾವ ನೇಮಕವೂ ಆಗಿರಲಿಲ್ಲ. ಮುದ್ರೆಗಳು ಕಚೇರಿಯಲ್ಲೇ ಇದ್ದವು, ಮಾತಿನಲ್ಲಿ ಗತ್ತಿತ್ತು. ಜನವರಿಯವರೆಗೆ ಅದು ಸಾಕಾಯಿತು. ಮಾನ್ಯತೆಯ ಆಸೆಯಿದ್ದ ಸರ್ಕಾರಕ್ಕೆ ಎದುರಿಗಿರುವವನು ನಿಜವಾದ ಕಾನ್ಸುಲ್ ಹೌದೋ ಅಲ್ಲವೋ ಎಂದು ವಿಚಾರಿಸುವುದಕ್ಕಿಂತ ನಂಬುವುದು ಅನುಕೂಲವಾಗಿತ್ತು.

ತಟಸ್ಥರು ಒಟ್ಟಾಗಿ ಬರೆದ ಪ್ರತಿಭಟನಾ ಪತ್ರಗಳಿಗೂ ಇಲ್ಲಿ ಸ್ಥಾನವಿದೆ. ಆಗಸ್ಟ್ 21ರಂದು, ಮತ್ತೆ ನವೆಂಬರ್ 17ರಂದು, ರಾಜತಾಂತ್ರಿಕ ವೃಂದದ ಹಿರಿಯರಾದ ರೋಟ್ಟಾ ಅವರ ಮುಂದಾಳತ್ವದಲ್ಲಿ ಐದು ಕಚೇರಿಗಳು ಜಂಟಿಯಾಗಿ ಸರ್ಕಾರಕ್ಕೆ ಪತ್ರ ಕೊಟ್ಟವು. ಒಬ್ಬೊಬ್ಬರೇ ಬರೆದಿದ್ದರೆ ಒಂದು ದೇಶದ ದೂರು ಎಂದು ಬದಿಗಿಡಬಹುದಾಗಿತ್ತು. ಉಳಿದಿದ್ದ ತಟಸ್ಥರೆಲ್ಲರ ಸಹಿಯಿದ್ದ ಕಾಗದವನ್ನು ಬದಿಗಿಡುವುದೆಂದರೆ ಮಾನ್ಯತೆಯ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ.

ಓಬುಡಾದ ಇಟ್ಟಿಗೆ ಕಾರ್ಖಾನೆ

ಕೋಟಾ ಒಪ್ಪಿಕೊಂಡದ್ದರ ಬೆಲೆ ನವೆಂಬರ್‌ನಲ್ಲಿ ತಿಳಿಯಿತು. ನವೆಂಬರ್ 8ರಿಂದ ಹತ್ತಾರು ಸಾವಿರ ಯಹೂದಿಗಳನ್ನು, ಅವರಲ್ಲಿ ಬಹಳಷ್ಟು ಹೆಂಗಸರನ್ನು, ಆಸ್ಟ್ರಿಯಾ ಗಡಿಯ ಹೆಗ್ಯೆಶಾಲೊಮ್ ಕಡೆಗೆ ಸುಮಾರು ಇನ್ನೂರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೊರಡಿಸಲಾಯಿತು. ರೈಲುಗಳಿರಲಿಲ್ಲ, ಜರ್ಮನರಿಗೆ ಕೋಟೆ ಕಟ್ಟಲು ಕೂಲಿಗಳು ಬೇಕಿದ್ದರು. ಮಳೆ, ಹಿಮ, ಹಸಿವು. ನಡೆಯಲಾಗದವರನ್ನು ದಾರಿಬದಿಯಲ್ಲೇ ಗುಂಡಿಟ್ಟು ಕೊಂದರು. ವಾಲೆನ್‌ಬರ್ಗ್, ಆಂಗರ್, ಸ್ವಿಸ್ ಮತ್ತು ರೆಡ್ ಕ್ರಾಸ್ ಸಿಬ್ಬಂದಿ, ರೋಟ್ಟಾ ಅವರು ಸಹಿ ಹಾಕಿ ಖಾಲಿ ಬಿಟ್ಟಿದ್ದ ಪತ್ರಗಳನ್ನು ಹಿಡಿದ ಸ್ವಯಂಸೇವಕರು ವಾಹನಗಳಲ್ಲಿ ಹಿಂದೆಯೇ ಹೋಗಿ ಸಾಧ್ಯವಾದಷ್ಟು ಜನರನ್ನು ಸಾಲಿನಿಂದ ಬಿಡಿಸಿ ತಂದರು.

ಈ ನಡಿಗೆ ಹೊರಡುವ ಮೊದಲು ಜನರನ್ನು ಕೂಡಿಹಾಕುತ್ತಿದ್ದ ಜಾಗ ಬುಡಾಪೆಸ್ಟ್‌ನದೇ ಭಾಗವಾದ ಓಬುಡಾದ ಇಟ್ಟಿಗೆ ಕಾರ್ಖಾನೆ. ನಕಲು ಪತ್ರಗಳು ಇಷ್ಟೊಂದು ಹರಿದಾಡುತ್ತಿವೆ ಎಂದು ತಿಳಿದ ಅಧಿಕಾರಿಗಳು ಲುಟ್ಸ್ ಅವರಿಗೇ ಬಂದು ಅಸಲಿ ಯಾವುದು, ನಕಲಿ ಯಾವುದು ಎಂದು ಬೇರ್ಪಡಿಸಲು ಹೇಳಿದರು. ನಿರಾಕರಿಸಿದರೆ ಎಲ್ಲ ಪತ್ರಗಳನ್ನೂ ರದ್ದು ಮಾಡುವ ಬೆದರಿಕೆ ಎದುರಿಗಿತ್ತು. ಲುಟ್ಸ್ ಮತ್ತು ಅವರ ಹೆಂಡತಿ ಗೆರ್ಟ್ರುಡ್ ಹಿಮದಲ್ಲಿ ಗಂಟೆಗಟ್ಟಲೆ ನಿಂತು ಒಬ್ಬೊಬ್ಬರ ಕಾಗದವನ್ನೂ ನೋಡಿ ಹೇಳಬೇಕಾಯಿತು. ನಕಲಿ ಎಂದು ಹೇಳಿದ ಪ್ರತಿ ಕಾಗದದ ಹಿಂದೆ ಒಬ್ಬ ಮನುಷ್ಯ ನಿಂತಿದ್ದ.

ಈ ಘಟನೆಯನ್ನು ಲುಟ್ಸ್ ಅವರ ಮೇಲಿನ ಕಳಂಕವೆಂದು ನಾನು ನೋಡುವುದಿಲ್ಲ; ಆದರೆ ಪ್ರಕರಣದ ವಿವರಣೆಯಿಂದ ಇದನ್ನು ಬಿಟ್ಟುಬಿಡುವುದು ಅಪ್ರಾಮಾಣಿಕತೆಯಾಗುತ್ತದೆ. ಪಟ್ಟಿಯ ಮೂಲಕ ರಕ್ಷಿಸುವ ವಿಧಾನದ ಒಳಗೇ ಈ ಕ್ಷಣ ಅಡಗಿತ್ತು. ಎಂಟು ಸಾವಿರ ಜನರಿಗೆ ರಕ್ಷಣೆ ಇದೆ ಎಂದು ಒಪ್ಪಂದ ಮಾಡಿಕೊಂಡಾಗಲೇ ಉಳಿದವರಿಗೆ ಅದು ಇಲ್ಲ ಎಂಬ ಮಾತೂ ಅದರೊಳಗೆ ಸೇರಿಕೊಂಡಿರುತ್ತದೆ. ಹಿಟ್ಲರ್ ಬೇಸಿಗೆಯಲ್ಲಿ ಈ ವಲಸೆಗೆ ಒಪ್ಪಿದ್ದು ಉಳಿದ ಯಹೂದಿಗಳ ಸಾಗಾಟ ಮುಂದುವರಿಯಬೇಕೆಂಬ ಷರತ್ತಿನ ಮೇಲೆಯೇ. ಲುಟ್ಸ್ ಸಂಖ್ಯೆಯನ್ನು ಕುಟುಂಬಗಳೆಂದು ಓದಿದ್ದು, ಕ್ರಮಸಂಖ್ಯೆಯನ್ನು ಮತ್ತೆ ಮತ್ತೆ ಒಂದರಿಂದ ಆರಂಭಿಸಿದ್ದು, ನಕಲು ಪತ್ರಗಳ ಕಡೆಗೆ ಬಹುಕಾಲ ಕಣ್ಣು ಮುಚ್ಚಿಕೊಂಡಿದ್ದು, ಇವೆಲ್ಲ ಪಟ್ಟಿಯೊಳಗಿದ್ದುಕೊಂಡೇ ಪಟ್ಟಿಯ ಬೇಲಿಯನ್ನು ಸಡಿಲಿಸುವ ಪ್ರಯತ್ನಗಳು. ಓಬುಡಾದಲ್ಲಿ ಆ ಬೇಲಿ ಮತ್ತೆ ಬಿಗಿಯಾಯಿತು.

ಮುತ್ತಿಗೆ

ಡಿಸೆಂಬರ್ ಕೊನೆಯ ವಾರದಲ್ಲಿ ಸೋವಿಯತ್ ಸೇನೆ ನಗರವನ್ನು ಸುತ್ತುವರಿಯಿತು. ಸರ್ಕಾರ ಪಶ್ಚಿಮಕ್ಕೆ ಓಡಿಹೋಗಿತ್ತು. ಅದರೊಂದಿಗೆ ಮಾನ್ಯತೆಯ ಹಸಿವೂ ನಗರ ಬಿಟ್ಟಿತು. ಉಳಿದವರು ಕೋವಿ ಹಿಡಿದ ಬಾಣಶಿಲುಬೆಯ ಹುಡುಗರು. ಅವರಿಗೆ ವಿದೇಶಾಂಗ ನೀತಿಯ ಗೊಡವೆಯಿರಲಿಲ್ಲ. ಕ್ರಿಸ್‌ಮಸ್ ಮುನ್ನಾದಿನ ಸ್ವೀಡಿಷ್ ರಾಯಭಾರ ಕಚೇರಿಗೆ ನುಗ್ಗಿದರು. ಡಿಸೆಂಬರ್ 29ರಂದು ಆಗ ಸ್ವಿಸ್ ಕಚೇರಿಯ ಮುಖ್ಯಸ್ಥರಾಗಿದ್ದ ಹಾರಾಲ್ಡ್ ಫೆಲ್ಲರ್ ಅವರನ್ನು ಎಳೆದೊಯ್ದು ಹಿಂಸಿಸಿದರು. ಡಿಸೆಂಬರ್ 31ರಂದು ಗಾಜಿನ ಮನೆಯ ಮೇಲೆ ದಾಳಿಯಾಗಿ ಆಶ್ರಿತರು ಸತ್ತರು. ಅದರ ಬೆನ್ನಿಗೇ ಮಾಲೀಕ ಆರ್ಥರ್ ವೈಸ್ ಅವರನ್ನು ಹೊರಗೆ ಕರೆಸಿಕೊಂಡು ಹೋದವರು ಮತ್ತೆ ಕಳುಹಿಸಲಿಲ್ಲ. ರಾತ್ರಿಗಳಲ್ಲಿ ಜನರನ್ನು ಡ್ಯಾನ್ಯೂಬ್ ದಡಕ್ಕೆ ನಡೆಸಿ, ಗುಂಡಿಟ್ಟು ನದಿಗೆ ಬೀಳಿಸುತ್ತಿದ್ದರು. ಪತ್ರ ಇದ್ದವರೂ ಅವರಲ್ಲಿದ್ದರು.

ಲುಟ್ಸ್ ನದಿಯ ಈಚೆಗೆ, ಬುಡಾ ಬೆಟ್ಟದ ಮೇಲೆ, ಬಾಂಬಿಗೆ ಸಿಕ್ಕ ಹಳೆಯ ಬ್ರಿಟಿಷ್ ರಾಯಭಾರ ಕಟ್ಟಡದ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದರು. ಗೆಟ್ಟೊಗಳು ಆಚೆ ದಡದ ಪೆಸ್ಟ್‌ನಲ್ಲಿದ್ದವು. ಅಲ್ಲಿ ಅವರ ಪರವಾಗಿ ಓಡಾಡಿದವರು ಪೀಟರ್ ಝೂರ್ಖರ್ ಮತ್ತು ಅರ್ನ್ಸ್ಟ್ ಫೋನ್‌ರುಫ್ಸ್ ಎಂಬ ಇಬ್ಬರು ಸ್ವಿಸ್ ಪ್ರಜೆಗಳು. ಇಬ್ಬರೂ ವೃತ್ತಿಯಿಂದ ರಾಜತಾಂತ್ರಿಕರಲ್ಲ. ಈ ವಾರಗಳಲ್ಲಿ ಅವರ ಕೈಯಲ್ಲಿ ಉಳಿದಿದ್ದ ಅಸ್ತ್ರ ಬೇರೆಯಾಗಿತ್ತು: ಯುದ್ಧ ಮುಗಿದ ಮೇಲೆ ವಿಚಾರಣೆ ನಡೆಯುತ್ತದೆ, ನಿಮ್ಮ ಹೆಸರು ನಮಗೆ ಗೊತ್ತಿದೆ ಎಂಬ ಎಚ್ಚರಿಕೆ. ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಏನು ಸಿಗಬಹುದು ಎಂಬ ಆಸೆ ಕೆಲಸ ಮಾಡಿದರೆ, ಜನವರಿಯಲ್ಲಿ ತನಗೆ ಏನಾಗಬಹುದು ಎಂಬ ಅಧಿಕಾರಿಯ ಭಯ ಕೆಲಸ ಮಾಡಿತು.

ರಕ್ಷಣಾ ಪತ್ರವಿಲ್ಲದ ಯಹೂದಿಗಳಿಗೆಂದು ಮಾಡಿದ್ದ, ಸುಮಾರು 70,000 ಜನರಿದ್ದ ಏಳನೆಯ ವಾರ್ಡಿನ ದೊಡ್ಡ ಗೆಟ್ಟೊ ಜನವರಿ 18ರ ಹೊತ್ತಿಗೆ ಸೋವಿಯತ್ ಸೇನೆಯ ವಶಕ್ಕೆ ಬಂತು. ಕೊನೆಯ ಗಳಿಗೆಯಲ್ಲಿ ಅಲ್ಲಿ ಯೋಜಿಸಿದ್ದ ಸಾಮೂಹಿಕ ಹತ್ಯೆಯನ್ನು ತಡೆದವರು ಯಾರು ಎಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಹೇಳಿಕೆಗಳಿವೆ; ವಾಲೆನ್‌ಬರ್ಗ್ ಅವರಿಗೂ ಪೆರ್ಲಾಸ್ಕಾ ಅವರಿಗೂ ಅದರ ಶ್ರೇಯ ಹೇಳಲಾಗಿದೆ. ಬುಡಾ ಭಾಗ ಫೆಬ್ರವರಿ 13ರವರೆಗೆ ಹೊತ್ತಿ ಉರಿಯಿತು. ಒಟ್ಟಿನಲ್ಲಿ ಬುಡಾಪೆಸ್ಟ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಬದುಕಿ ಉಳಿದರು. ಲುಟ್ಸ್ ಒಬ್ಬರೇ 62,000 ಜನರನ್ನು ಉಳಿಸಿದರೆಂಬ ಸಂಖ್ಯೆ ಎಲ್ಲೆಡೆ ಕಾಣುತ್ತದೆ. ಒಬ್ಬನ ಜೇಬಿನಲ್ಲಿ ಎರಡು ಮೂರು ದೇಶಗಳ ಪತ್ರಗಳಿದ್ದ, ಒಂದು ಮನೆಗೆ ಮೂರು ಕಡೆಯಿಂದ ಆಹಾರ ಬರುತ್ತಿದ್ದ ಆ ನಗರದಲ್ಲಿ ಇಂಥ ಲೆಕ್ಕವನ್ನು ಒಬ್ಬೊಬ್ಬರ ಹೆಸರಿಗೆ ಹಂಚುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ರಾಜತಾಂತ್ರಿಕರ ಕೆಲಸವೆಂದರೆ ಮುಖ್ಯವಾಗಿ ಕಾಲವನ್ನು ಸಂಪಾದಿಸಿಕೊಟ್ಟದ್ದು; ಸೋವಿಯತ್ ಸೇನೆ ಇನ್ನೂ ಎರಡು ತಿಂಗಳು ತಡವಾಗಿ ಬಂದಿದ್ದರೆ ಆ ಕಾಲವೂ ಮುಗಿದುಹೋಗುತ್ತಿತ್ತು.

ನಂತರ

ಒಂದು ಸೇನೆಯಿಂದ ಕಾಪಾಡಿದ ಕಾಗದ ಮುಂದಿನ ಸೇನೆಯ ಕಣ್ಣಿಗೆ ಅನುಮಾನದ ವಸ್ತುವಾಯಿತು. ಜನವರಿ 17ರಂದು ಸೋವಿಯತ್ ಸೇನಾಧಿಕಾರಿಗಳನ್ನು ಕಾಣಲು ಡೆಬ್ರೆಸೆನ್ ಕಡೆಗೆ ಹೊರಟ ವಾಲೆನ್‌ಬರ್ಗ್ ಮರಳಿ ಬರಲಿಲ್ಲ. ಅವರು 1947ರ ಜುಲೈನಲ್ಲಿ ಮಾಸ್ಕೋದ ಲುಬಿಯಾಂಕಾ ಸೆರೆಮನೆಯಲ್ಲಿ ಸತ್ತರೆಂದು ಸೋವಿಯತ್ ಸರ್ಕಾರ 1957ರಲ್ಲಿ ತಿಳಿಸಿತು. ಸ್ವೀಡನ್ ಅವರನ್ನು ಅಧಿಕೃತವಾಗಿ ಮೃತರೆಂದು ಘೋಷಿಸಿದ್ದು 2016ರಲ್ಲಿ. ಫೆಲ್ಲರ್ ಅವರನ್ನೂ ಮಾಸ್ಕೋಗೆ ಒಯ್ದಿದ್ದರು. ಅವರು 1946ರಲ್ಲಿ ಬಿಡುಗಡೆಯಾಗಿ ಮನೆ ಸೇರಿದರು. ನಾಗರಿಕರಿಗೆ ಆಶ್ರಯ ಕೊಟ್ಟ ರಾಜತಾಂತ್ರಿಕರಿಗೇ ಆಶ್ರಯ ಇರಲಿಲ್ಲ.

1949ರಲ್ಲಿ ಜಿನೀವಾದಲ್ಲಿ ಅಂಗೀಕಾರವಾದ ನಾಲ್ಕನೆಯ ಒಪ್ಪಂದ, ಯುದ್ಧಕಾಲದ ನಾಗರಿಕರ ರಕ್ಷಣೆಗೆಂದೇ ಮೀಸಲಾದ ಮೊದಲ ಒಪ್ಪಂದ. ಹಿತರಕ್ಷಕ ರಾಷ್ಟ್ರಗಳ ಸಹಕಾರದೊಂದಿಗೆ, ಅವುಗಳ ಪರಿಶೀಲನೆಯಲ್ಲಿ ಒಪ್ಪಂದ ಜಾರಿಯಾಗಬೇಕೆಂದು ಅದರ 9ನೆಯ ವಿಧಿ ಹೇಳುತ್ತದೆ. ಕಾದಾಟದ ಪ್ರದೇಶದಲ್ಲಿ ನಾಗರಿಕರಿಗೆ ತಟಸ್ಥ ವಲಯಗಳನ್ನು ಏರ್ಪಡಿಸಲು 15ನೆಯ ವಿಧಿ ಅವಕಾಶ ಕೊಡುತ್ತದೆ. ಗಾಜಿನ ಮನೆಯಲ್ಲಿ ಕಾನೂನಿಲ್ಲದೆ ನಡೆದದ್ದರ ಒಂದು ಭಾಗಕ್ಕೆ ಹೀಗೆ ಕಾನೂನು ಬಂತು. ಆದರೆ ಆ ವಿಧಿಯಂತೆ ಹಿತರಕ್ಷಕ ರಾಷ್ಟ್ರಗಳು ನೇಮಕವಾದ ಸಂದರ್ಭಗಳು ಬೆರಳೆಣಿಕೆಯಷ್ಟು: 1956ರ ಸೂಯೆಜ್, 1961ರಲ್ಲಿ ನಮ್ಮ ಪಕ್ಕದ ಗೋವಾ, 1971ರ ಭಾರತ–ಪಾಕಿಸ್ತಾನ ಯುದ್ಧ, 1982ರ ಫಾಕ್‌ಲೆಂಡ್. ಸರ್ಕಾರವೇ ತನ್ನ ಪ್ರಜೆಗಳ ಮೇಲೆ ಎರಗಿದರೆ 9ನೆಯ ವಿಧಿ ಇಂದಿಗೂ ಅವರ ನೆರವಿಗೆ ಬರುವುದಿಲ್ಲ.

ಲುಟ್ಸ್ 1945ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರಿಗೆ ಎದುರಾದದ್ದು ಅಧಿಕಾರ ಮೀರಿದರು ಎಂಬ ಆಕ್ಷೇಪ. ಕಡತದ ದೃಷ್ಟಿಯಿಂದ ಅದು ನಿಜವೇ ಆಗಿತ್ತು; ಅವರಿಗೆ ಕೊಟ್ಟಿದ್ದ ಅಧಿಕಾರದೊಳಗೇ ಇದ್ದಿದ್ದರೆ ಪತ್ರಗಳು ಎಂಟು ಸಾವಿರಕ್ಕೆ ಮುಗಿಯುತ್ತಿದ್ದವು. 1964ರಲ್ಲಿ ಯಹೂದಿ ನರಮೇಧದ ಸ್ಮಾರಕವಾದ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿತು, ಆ ಗೌರವ ಪಡೆದ ಮೊದಲ ಸ್ವಿಸ್ ಪ್ರಜೆ ಅವರು. 1975ರಲ್ಲಿ ಬರ್ನ್‌ನಲ್ಲಿ ತೀರಿಕೊಂಡರು. ಅದೇ ಊರಿನ ಫೆಡರಲ್ ಭವನದಲ್ಲಿ ಒಂದು ಕೊಠಡಿಗೆ ಅವರ ಹೆಸರನ್ನು ಇಟ್ಟದ್ದು 2018ರಲ್ಲಿ.